ಕೆಟ್ಟ ಗಣಕವನ್ನು ಅಳಿಸುವುದೋ, ಓದುವುದೋ?

ಗಣಕಯಂತ್ರ ಕೆಟ್ಟಿತೆಂದರೆ ನಮ್ಮಲ್ಲಿ ಮೊದಲು ಕೇಳಿಬರುವ ಮಾತು 'ಫಾರ್ಮ್ಯಾಟ್ ಮಾಡಿಬಿಡಿ' ಎಂಬುದು. ಅಂಗಡಿಯವರು ಅದನ್ನೇ ಹೇಳುತ್ತಾರೆ. ಕಾಲೇಜಿನ ಪ್ರಯೋಗಶಾಲೆಯಲ್ಲಿಯೂ ಅದೇ ಉತ್ತರ. ವಿದ್ಯಾರ್ಥಿನಿಲಯದ ಮಿತ್ರನಂತೂ ಏನಾಯಿತೆಂದು ಕೇಳುವುದಕ್ಕೆ ಮುಂಚೆಯೇ ಪೆನ್‌ಡ್ರೈವ್ ಹಿಡಿದು ನಿಂತಿರುತ್ತಾನೆ. ಡಿಸ್ಕಿನ ಮೇಲೆ ಇದ್ದುದನ್ನೆಲ್ಲ ಅಳಿಸಿ, ಹೊಸದಾಗಿ ಎಲ್ಲವನ್ನೂ ತುಂಬುವ ಈ ಚಿಕಿತ್ಸೆಯಿಂದ ಯಂತ್ರ ಮತ್ತೆ ನಡೆಯುವುದೇನೋ ನಿಜ. ಆದರೆ ನೆಗಡಿ ಬಂದಿತೆಂದು ಮೂಗು ಕೊಯ್ದುಕೊಳ್ಳುವವನಿಗೂ ನೆಗಡಿಯ ಕಾಟ ತಪ್ಪುತ್ತದೆ. ಲಿನಕ್ಸ್ ಬಳಸುವ ವಿದ್ಯಾರ್ಥಿಗಳಲ್ಲಿ ಈ ಚಾಳಿ ಬೇರೂರಿರುವುದು ನಮಗೆ ವಿಶೇಷವಾಗಿ ಖೇದವನ್ನುಂಟುಮಾಡುತ್ತದೆ. ಏಕೆಂದರೆ, ತನಗೆ ಏನಾಯಿತೆಂಬುದನ್ನು ಇಷ್ಟು ವಿವರವಾಗಿ ಬರೆದಿಟ್ಟುಕೊಳ್ಳುವ ಯಂತ್ರವ್ಯವಸ್ಥೆ ಮತ್ತೊಂದು ದೊರೆಯುವುದು ಕಷ್ಟ. ಆ ಬರಹವನ್ನು ಓದದೆ ಅಳಿಸುವುದು ವಿಜ್ಞಾನದ ವಿದ್ಯಾರ್ಥಿಗೆ ತಕ್ಕ ನಡತೆಯೆಂದು ನಾವು ಒಪ್ಪಲಾರೆವು.

ಲಿನಕ್ಸಿನಲ್ಲಿ ತಂತ್ರಾಂಶಗಳು ಬರುವುದು ಪ್ಯಾಕೇಜುಗಳ ರೂಪದಲ್ಲಿ. ಒಂದು ಪ್ಯಾಕೇಜೆಂದರೆ ಕಡತಗಳ ಗಂಟು ಮಾತ್ರವಲ್ಲ. ತನಗೆ ಬೇರೆ ಯಾವ ಯಾವ ಪ್ಯಾಕೇಜುಗಳ ನೆರವು ಬೇಕು, ಯಾವುದರೊಡನೆ ತನಗೆ ಹೊಂದಿಕೆಯಿಲ್ಲ ಎಂಬ ವಿವರವನ್ನೂ ಅದು ತನ್ನೊಡನೆ ಹೊತ್ತು ತರುತ್ತದೆ. ೧೯೯೩ರಲ್ಲಿ ಇಯಾನ್ ಮರ್ಡಾಕ್ ಎಂಬವರು ಆರಂಭಿಸಿದ ಡೆಬಿಯನ್ ಯೋಜನೆಯಲ್ಲಿ ಈ ಪದ್ಧತಿ ಹದಗೊಂಡಿತು. ೨೦೦೪ರಲ್ಲಿ ಹೊರಬಂದ ಉಬುಂಟು ಅದನ್ನೇ ಆಧರಿಸಿ ನಿಂತಿದೆ. ಇಲ್ಲಿ ಎರಡು ಕಾರ್ಯಕ್ರಮಗಳು ಜೊತೆಯಾಗಿ ದುಡಿಯುತ್ತವೆ. ಯಾವುದಕ್ಕೆ ಯಾವುದು ಬೇಕೆಂದು ಲೆಕ್ಕ ಹಾಕಿ ಅಂತರಜಾಲದಿಂದ ತರಿಸುವುದು ಆಪ್ಟ್. ತಂದುದನ್ನು ಬಿಚ್ಚಿ ಸ್ಥಳದಲ್ಲಿ ಜೋಡಿಸುವುದು ಡಿಪಿಕೆಜಿ.

ಈ ಜೋಡಣೆಯ ಕ್ರಮವನ್ನು ತಿಳಿದರೆ ಅರ್ಧ ಭಯ ಹೋಗುತ್ತದೆ. ಕೆಲಸ ನಡೆಯುವುದು ಎರಡು ಹಂತಗಳಲ್ಲಿ: ಮೊದಲು ಬಿಚ್ಚುವುದು, ಅನಂತರ ಅಣಿಗೊಳಿಸುವುದು. ಬಿಚ್ಚುವಾಗ ಡಿಪಿಕೆಜಿ ಹಳೆಯ ಕಡತದ ಮೇಲೆಯೇ ಹೊಸದನ್ನು ಬರೆಯುವುದಿಲ್ಲ. ಹೊಸ ಕಡತವನ್ನು ಪಕ್ಕದಲ್ಲಿ ಬೇರೊಂದು ಹೆಸರಿನಿಂದ ಪೂರ್ತಿಯಾಗಿ ಬರೆದು, ಬಳಿಕ ಒಂದೇ ಪಟ್ಟಿಗೆ ಹೆಸರನ್ನು ಬದಲಿಸುತ್ತದೆ. ಹೀಗಾಗಿ ನಡುವೆ ವಿದ್ಯುತ್ತು ಹೋದರೂ ಆ ಸ್ಥಳದಲ್ಲಿ ಇರುವುದು ಒಂದೋ ಪೂರ್ತಿ ಹಳೆಯ ಕಡತ, ಇಲ್ಲವೇ ಪೂರ್ತಿ ಹೊಸದು. ಅರ್ಧ ಹಳೆಯದು ಅರ್ಧ ಹೊಸದು ಎಂಬ ಅವಸ್ಥೆ ಬಾರದಂತೆ ನೋಡಿಕೊಳ್ಳುವುದೇ ಈ ಉಪಾಯದ ಉದ್ದೇಶ. ಮಿಗಿಲಾಗಿ, ಪ್ರತಿಯೊಂದು ಪ್ಯಾಕೇಜೂ ಯಾವ ಸ್ಥಿತಿಯಲ್ಲಿದೆ—ಅರ್ಧ ಸ್ಥಾಪಿತವೋ, ಬಿಚ್ಚಿದ್ದು ಮಾತ್ರವೋ, ಅರ್ಧ ಅಣಿಗೊಂಡದ್ದೋ, ಸಂಪೂರ್ಣ ಸ್ಥಾಪಿತವೋ—ಎಂಬುದನ್ನು ಅದು ಒಂದು ಸಾದಾ ಬರಹದ ಕಡತದಲ್ಲಿ ದಾಖಲಿಸುತ್ತದೆ. ಆ ದಾಖಲೆಯ ಹಿಂದಿನ ಪ್ರತಿಯನ್ನೂ ಕಾದಿರಿಸುತ್ತದೆ. ಯಾವ ದಿನ ಯಾವ ಗಳಿಗೆಯಲ್ಲಿ ಯಾವ ಆಜ್ಞೆಯಿಂದ ಏನು ಬಂದಿತು, ಏನು ಹೋಯಿತು ಎಂಬ ದಿನಚರಿ ಬೇರೆ ಇದೆ. ನಮ್ಮ ಎಷ್ಟೋ ಸಹಕಾರಿ ಸಂಘಗಳ ಲೆಕ್ಕಪತ್ರ ಇಷ್ಟು ಅಚ್ಚುಕಟ್ಟಾಗಿರಲಾರದು.

ಹೀಗಿರುವಾಗ, ಪ್ಯಾಕೇಜಿನ ಸ್ಥಾಪನೆ ನಡುವೆ ನಿಂತು, ಮರುದಿನ ಯಂತ್ರವನ್ನು ಹಚ್ಚಿದಾಗ ಪರದೆ ಕಪ್ಪಾಗಿ ಉಳಿಯಿತೆನ್ನಿ. ಯಂತ್ರ ಸತ್ತಿತೆಂದು ತೀರ್ಮಾನಿಸುವುದಕ್ಕೆ ಇದು ಸಾಕೆ? ಸಾಲದು. ಡೆಸ್ಕ್‌ಟಾಪ್ ಎಂಬುದು ಲಿನಕ್ಸಿನ ಮೇಲೆ ನಡೆಯುವ ಅನೇಕ ಕಾರ್ಯಕ್ರಮಗಳಲ್ಲಿ ಒಂದು ಗುಂಪು, ಅಷ್ಟೆ. ಮನೆಯ ಮುಂಬಾಗಿಲು ಬಿಗಿದುಕೊಂಡರೆ ಮನೆ ಬಿದ್ದಿತೆಂದು ಯಾರೂ ಹೇಳುವುದಿಲ್ಲ. ಕಂಟ್ರೋಲ್, ಆಲ್ಟ್, ಎಫ್ ೩ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಬಹುಮಟ್ಟಿನ ಯಂತ್ರಗಳಲ್ಲಿ ಬರಿಯ ಅಕ್ಷರಗಳ ಪರದೆಯೊಂದು ತೆರೆದು ಹೆಸರನ್ನೂ ಪಾಸ್‌ವರ್ಡನ್ನೂ ಕೇಳುತ್ತದೆ. ಅದು ಹಿತ್ತಲ ಬಾಗಿಲು. ಅದೂ ತೆರೆಯದಿದ್ದರೆ, ಯಂತ್ರ ಆರಂಭವಾಗುವಾಗ ಬರುವ ಪಟ್ಟಿಯಲ್ಲಿ ಹಳೆಯ ಕರ್ನೆಲನ್ನೋ ದುರಸ್ತಿಯ ಅವಸ್ಥೆಯನ್ನೋ ಆರಿಸಬಹುದು. ಉಬುಂಟುವಿನ ದುರಸ್ತಿಯ ಪಟ್ಟಿಯಲ್ಲಿ ಮುರಿದ ಪ್ಯಾಕೇಜುಗಳನ್ನು ಸರಿಪಡಿಸುವುದಕ್ಕೆಂದೇ ಒಂದು ಸಾಲು ಇದೆ. ಅಲ್ಲಿಗೂ ತಲಪದಿದ್ದರೆ, ಪೆನ್‌ಡ್ರೈವಿನಲ್ಲಿರುವ ಲಿನಕ್ಸಿನಿಂದ ಯಂತ್ರವನ್ನು ನಡೆಸಿ, ಡಿಸ್ಕಿನೊಳಕ್ಕೆ ಹೊರಗಿನಿಂದ ಪ್ರವೇಶಿಸಬಹುದು. ಫಾರ್ಮ್ಯಾಟ್ ಮಾಡಲು ಮಿತ್ರನು ತಂದ ಅದೇ ಪೆನ್‌ಡ್ರೈವು ಚಿಕಿತ್ಸೆಗೂ ಒದಗುತ್ತದೆಂಬುದು ಅವನಿಗೆ ತಿಳಿದಿರುವುದಿಲ್ಲ!

ಒಳಹೊಕ್ಕ ಮೇಲೆ ಮೊದಲು ಮಾಡತಕ್ಕದ್ದು ಓದುವುದು. ಸ್ಥಾಪನೆ ಎಲ್ಲಿ ನಿಂತಿತೆಂಬ ದಿನಚರಿಯ ಕೊನೆಯ ಹತ್ತಿಪ್ಪತ್ತು ಸಾಲುಗಳಲ್ಲಿ ಬಹುತೇಕ ಕಾರಣ ಸಿಕ್ಕುತ್ತದೆ. ಮತ್ತೆ ಮತ್ತೆ ಕಾಣಬರುವ ಕಾರಣಗಳು ಕೆಲವೇ. ಡಿಸ್ಕಿನಲ್ಲಿ ಸ್ಥಳ ತೀರಿಹೋಗಿರುವುದು ಒಂದು; ಕರ್ನೆಲುಗಳನ್ನು ಇಡುವ ಚಿಕ್ಕ ವಿಭಾಗವನ್ನು ಬೇರೆಯಾಗಿ ಮಾಡಿರುವ ಯಂತ್ರಗಳಲ್ಲಿ ಹಳೆಯ ಕರ್ನೆಲುಗಳೇ ಅದನ್ನು ತುಂಬಿಬಿಡುವುದುಂಟು. ಹೊರಗಿನ ಯಾವುದೋ ಭಂಡಾರದಿಂದ ತಂದ ಪ್ಯಾಕೇಜು ಒಳಗಿನವುಗಳೊಡನೆ ಹೊಂದದಿರುವುದು ಮತ್ತೊಂದು. ಎನ್‌ವಿಡಿಯಾದಂತಹ ಚಿತ್ರಫಲಕಗಳ ಚಾಲಕ ತಂತ್ರಾಂಶವನ್ನು ಕರ್ನೆಲಿಗೆ ತಕ್ಕಂತೆ ಯಂತ್ರದಲ್ಲಿಯೇ ಕಟ್ಟಬೇಕಾದಾಗ, ಅದಕ್ಕೆ ಬೇಕಾದ ಸಾಮಗ್ರಿಯಿಲ್ಲದೆ ಕೆಲಸ ಕೆಡುವುದು ಇನ್ನೊಂದು. ಕಪ್ಪು ಪರದೆಯ ಹಿಂದೆ ಅನೇಕ ವೇಳೆ ಅಡಗಿರುವುದು ಇದೇ. ಕಾರಣ ತಿಳಿದು ಅದನ್ನು ನಿವಾರಿಸಿದ ಮೇಲೆ, ಅರ್ಧಕ್ಕೆ ನಿಂತ ಅಣಿಗೊಳಿಸುವಿಕೆಯನ್ನು ಪೂರೈಸೆಂದು ಡಿಪಿಕೆಜಿಗೆ ಒಂದು ಆಜ್ಞೆ, ಮುರಿದ ಸಂಬಂಧಗಳನ್ನು ಕೂಡಿಸೆಂದು ಆಪ್ಟಿಗೆ ಒಂದು ಆಜ್ಞೆ. ಹೆಚ್ಚಿನ ಸಂದರ್ಭಗಳಲ್ಲಿ ಇಷ್ಟೇ ಸಾಕಾಗುತ್ತದೆ. ಸ್ಥಳವಿಲ್ಲದ ಡಿಸ್ಕಿನ ಮೇಲೆ ಇದೇ ಆಜ್ಞೆಗಳನ್ನು ಹತ್ತು ಸಲ ಕೊಟ್ಟರೂ ಫಲವಿಲ್ಲ. ಕಾರಣ ಮೊದಲು, ಆಜ್ಞೆ ಅನಂತರ.

ಓದದೆ ಆಜ್ಞೆಗಳನ್ನು ನಕಲು ಮಾಡುವುದು ಫಾರ್ಮ್ಯಾಟ್ ಮಾಡುವುದಕ್ಕಿಂತಲೂ ಕೆಟ್ಟದ್ದು. ಒಂದು ಉದಾಹರಣೆ ಸಾಕು. 'ಬೀಗ ಸಿಕ್ಕಲಿಲ್ಲ' ಎಂಬ ಅರ್ಥದ ಸಂದೇಶ ಬಂದಾಗ, ಬೀಗದ ಕಡತವನ್ನೇ ಅಳಿಸಿಬಿಡಿ ಎಂಬ ಸಲಹೆ ಎಲ್ಲೆಡೆ ಹಬ್ಬಿದೆ. ಆದರೆ ಆ ಕಡತ ಅಲ್ಲಿ ಇರುವುದೇ ಬೀಗವಲ್ಲ. ಅದನ್ನು ಒಂದು ಕಾರ್ಯಕ್ರಮ ತನ್ನ ಹಿಡಿತದಲ್ಲಿಟ್ಟುಕೊಂಡಿರುವುದು ಬೀಗ. ಆ ಕಾರ್ಯಕ್ರಮ ಮುಗಿದೊಡನೆಯೇ ಕರ್ನೆಲು ಹಿಡಿತವನ್ನು ತಾನೇ ಸಡಿಲಿಸುತ್ತದೆ. ಬೀಗ ಸಿಕ್ಕಲಿಲ್ಲವೆಂದರೆ ಯಾವುದೋ ಕಾರ್ಯಕ್ರಮ, ಬಹುಶಃ ಹಿನ್ನೆಲೆಯಲ್ಲಿ ತಾನಾಗಿ ನಡೆಯುವ ನವೀಕರಣ, ಇನ್ನೂ ಕೆಲಸದಲ್ಲಿದೆಯೆಂದು ಅರ್ಥ. ಹತ್ತು ನಿಮಿಷ ಕಾದರೆ ಸಾಕಾಗಿದ್ದಲ್ಲಿ, ಕಡತವನ್ನು ಅಳಿಸಿದವರು ಒಂದೇ ದಾಖಲೆಯ ಮೇಲೆ ಇಬ್ಬರು ಗುಮಾಸ್ತರು ಒಮ್ಮೆಗೇ ಬರೆಯುವಂತೆ ಮಾಡುತ್ತಾರೆ. ಅಂದಿನವರೆಗೆ ವಾಸಿಯಾಗಬಹುದಾಗಿದ್ದ ರೋಗ ಆಗ ನಿಜವಾಗಿಯೂ ವಿಷಮಿಸುತ್ತದೆ.

ಓದುವ ಹೊಣೆ ಬಳಕೆದಾರನದು ಮಾತ್ರವೇ? ಈ ಪ್ರಶ್ನೆಯನ್ನು ಜಗತ್ತಿನ ಮುಂದೆ ಇಟ್ಟ ಘಟನೆಯೊಂದು ೨೦೨೧ರ ನವೆಂಬರಿನಲ್ಲಿ ಪ್ರಕಟವಾಯಿತು. ಗಣಕಗಳನ್ನು ಕುರಿತ ಚಲಚ್ಚಿತ್ರಗಳಿಂದ ಹೆಸರಾದ ಕೆನಡದ ಲೈನಸ್ ಸೆಬಾಸ್ಟಿಯನ್ ಅವರು ಪಾಪ್ ಓಎಸ್ ಎಂಬ ಲಿನಕ್ಸಿನಲ್ಲಿ ಆಟಗಳ ಸ್ಟೀಮ್ ತಂತ್ರಾಂಶವನ್ನು ಸ್ಥಾಪಿಸಹೊರಟರು. ಚಿತ್ರರೂಪದ ಅಂಗಡಿಯಲ್ಲಿ ಅದು ಆಗದಿರಲು ಟರ್ಮಿನಲಿನಲ್ಲಿ ಆಪ್ಟಿಗೆ ಆಜ್ಞೆ ಕೊಟ್ಟರು. ಆ ಗಳಿಗೆಯಲ್ಲಿ ಭಂಡಾರದಲ್ಲಿದ್ದ ಪ್ಯಾಕೇಜುಗಳ ಸಂಬಂಧ ಹದಗೆಟ್ಟಿದ್ದುದರಿಂದ, ಸ್ಟೀಮ್ ಬೇಕಾದರೆ ಡೆಸ್ಕ್‌ಟಾಪನ್ನೇ ತೆಗೆಯಬೇಕೆಂದು ಆಪ್ಟ್ ಲೆಕ್ಕ ಹಾಕಿತು! ಏನು ಮಾಡುತ್ತಿರುವೆನೆಂಬುದನ್ನು ಸರಿಯಾಗಿ ಬಲ್ಲವರಲ್ಲದೆ ಉಳಿದವರು ಮುಂದುವರಿಯಬಾರದೆಂದು ಎಚ್ಚರಿಸಿ, ಒಪ್ಪಿಗೆಗಾಗಿ 'ಹೌದು, ನಾನು ಹೇಳಿದಂತೆ ಮಾಡು' ಎಂಬರ್ಥದ ಇಂಗ್ಲಿಷ್ ವಾಕ್ಯವನ್ನು ಬರೆಯಲು ಕೇಳಿತು. ಅವರು ಬರೆದರು. ಡೆಸ್ಕ್‌ಟಾಪ್ ಮಾಯವಾಗಿ ಅಕ್ಷರಗಳ ಪರದೆ ಉಳಿಯಿತು.

ಎಚ್ಚರಿಕೆಯನ್ನು ಕಡೆಗಣಿಸಿದವರದೇ ತಪ್ಪೆಂದು ಆಗ ಅನೇಕರು ನಕ್ಕರು. ನಾವು ನಗುವವರ ಪಕ್ಷದಲ್ಲಿಲ್ಲ. ತೆಗೆಯಲಿರುವ ಪ್ಯಾಕೇಜುಗಳ ಉದ್ದನೆಯ ಪಟ್ಟಿಯ ನಡುವೆ ಡೆಸ್ಕ್‌ಟಾಪಿನ ಹೆಸರು ಇತ್ತು, ನಿಜ. ಆದರೆ 'ಇದರಿಂದ ನಿಮ್ಮ ಪರದೆಯ ಮೇಲಿನ ಕಿಟಕಿಗಳೆಲ್ಲ ಹೋಗುತ್ತವೆ' ಎಂದು ತಿಳಿಯಹೇಳುವ ಒಂದು ಸಾಲು ಎಲ್ಲಿಯೂ ಇರಲಿಲ್ಲ. ಆಟದ ತಂತ್ರಾಂಶವನ್ನು ಕೇಳಿದವನಿಗೆ ಮನೆಯ ತೊಲೆ ಕೀಳುವ ಉಪಾಯವನ್ನು ಸೂಚಿಸಿದ್ದೇ ಯಂತ್ರದ ಅವಿವೇಕ. ಆಪ್ಟಿನ ನಿರ್ಮಾಪಕರಿಗೂ ಇದು ಹೊಳೆದಿರಬೇಕು. ಅತ್ಯವಶ್ಯಕವೆಂದು ಗುರುತಿಸಿದ ಪ್ಯಾಕೇಜುಗಳನ್ನು ತೆಗೆಯುವ ಪರಿಹಾರವನ್ನು ಅದು ತಾನಾಗಿ ಮುಂದಿಡದಂತೆ ಅನಂತರ ತಿದ್ದಿದರು. ಬಳಕೆದಾರನನ್ನು ಬಯ್ಯುವುದಕ್ಕಿಂತ ಇದು ಉತ್ತಮವಾದ ಉತ್ತರ. ಇಂತಹ ಅವಸ್ಥೆಗೆ ಪರಿಹಾರವೂ ಇರುತ್ತದೆಂಬುದನ್ನು ವಾಚಕರು ಗಮನಿಸಬೇಕು: ತೆಗೆದ ಪ್ಯಾಕೇಜುಗಳ ಹೆಸರೆಲ್ಲ ದಿನಚರಿಯಲ್ಲಿ ಬರೆದಿರುತ್ತವೆ, ಜಾಲದ ಸಂಪರ್ಕವೊಂದಿದ್ದರೆ ಅವುಗಳನ್ನು ಮತ್ತೆ ತರಿಸಿ ಸ್ಥಾಪಿಸಬಹುದು. ಬಳಕೆದಾರರ ಸ್ವಂತ ಕಡತಗಳು ಹೋಮ್ ಎಂಬ ವಿಭಾಗದಲ್ಲಿ ಬೇರೆಯಾಗಿ ಇರುವುದರಿಂದ, ಪ್ಯಾಕೇಜುಗಳ ಬರಹೋಗು ಅವುಗಳನ್ನು ಮುಟ್ಟುವುದಿಲ್ಲ. ಮುಟ್ಟುವುದು ಫಾರ್ಮ್ಯಾಟ್! ಪದವಿಯ ಕೊನೆಯ ವರ್ಷದ ವಿದ್ಯಾರ್ಥಿಯ ಆರು ತಿಂಗಳ ಪ್ರಬಂಧ ಹಾಳಾಗುವುದು ಕೆಟ್ಟ ಪ್ಯಾಕೇಜಿನಿಂದಲ್ಲ, ಅದಕ್ಕೆ ಮಾಡಿದ ಚಿಕಿತ್ಸೆಯಿಂದ.

ನಮ್ಮ ವಾದಕ್ಕೆ ಆಕ್ಷೇಪಣೆಗಳುಂಟು. ದುರಸ್ತಿಗೆ ಮೂರು ಗಂಟೆ ಹಿಡಿಯುವಲ್ಲಿ ಹೊಸ ಸ್ಥಾಪನೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ ಎನ್ನುವರು. ಮೂವತ್ತು ಯಂತ್ರಗಳ ಪ್ರಯೋಗಶಾಲೆಯನ್ನು ನೋಡಿಕೊಳ್ಳುವ ಸಹಾಯಕರಿಗೆ ಇದು ನ್ಯಾಯವಾದ ಲೆಕ್ಕವೇ. ಅವರ ಯಂತ್ರಗಳಲ್ಲಿ ಯಾರ ಸ್ವಂತ ಕೆಲಸವೂ ಇರಬೇಕಾಗಿಲ್ಲ. ಡಿಸ್ಕೇ ಸವೆದು ಸಾಯುತ್ತಿದ್ದರೆ, ಅಥವಾ ಯಂತ್ರದೊಳಕ್ಕೆ ಅನ್ಯರು ನುಗ್ಗಿರುವರೆಂಬ ಸಂದೇಹವಿದ್ದರೆ, ಕಡತಗಳ ಪ್ರತಿ ತೆಗೆದುಕೊಂಡು ಎಲ್ಲವನ್ನೂ ಹೊಸದಾಗಿ ಮಾಡುವುದೇ ವಿವೇಕ. ದುರಸ್ತಿಯ ಅಗತ್ಯವೇ ಬಾರದ ವ್ಯವಸ್ಥೆಗಳು ಇರುವುವಲ್ಲ ಎಂದು ಇನ್ನು ಕೆಲವರು ಕೇಳಬಹುದು. ಇವೆ. ಓಪನ್‌ಸೂಸೆಯಲ್ಲಿ ಸ್ಥಾಪನೆಗೆ ಮುಂಚಿನ ಮತ್ತು ಅನಂತರದ ಸ್ಥಿತಿಗಳ ಬಿಂಬವನ್ನು ತಾನಾಗಿ ಹಿಡಿದಿಟ್ಟು, ಬೇಕಾದಾಗ ಹಿಂದಿನದಕ್ಕೆ ಮರಳುವ ಏರ್ಪಾಡಿದೆ. ನಿಕ್ಸ್ ಓಎಸ್ ಪ್ರತಿಯೊಂದು ಬದಲಾವಣೆಯನ್ನೂ ಹೊಸದೊಂದು ಪೀಳಿಗೆಯಾಗಿ ಪಕ್ಕದಲ್ಲಿ ಕಟ್ಟಿ, ಹಳೆಯ ಪೀಳಿಗೆಯನ್ನು ಹಾಗೆಯೇ ಉಳಿಸಿರುತ್ತದೆ. ಈ ದಾರಿ ಒಳ್ಳೆಯದೆಂದೇ ನಮ್ಮ ಮತ. ಅವುಗಳಲ್ಲಿ ಹಿಂದಕ್ಕೆ ಮರಳಿದವನೂ ಏನು ಕೆಟ್ಟಿತೆಂದು ಓದದಿದ್ದರೆ, ನಾಳೆ ಅದೇ ಪ್ಯಾಕೇಜನ್ನು ಮತ್ತೆ ಸ್ಥಾಪಿಸಿ ಅದೇ ಕಪ್ಪು ಪರದೆಯನ್ನು ಕಾಣುವನು.

ಆದುದರಿಂದ ಕಾಲೇಜುಗಳ ಗಣಕ ವಿಭಾಗಗಳಲ್ಲಿ ನಮ್ಮದೊಂದು ಬೇಡಿಕೆಯಿದೆ. ಸಸ್ಯಶಾಸ್ತ್ರದ ವಿದ್ಯಾರ್ಥಿ ಹೂವನ್ನು ಬಿಡಿಸಿ ನೋಡುತ್ತಾನೆ. ರಸಾಯನಶಾಸ್ತ್ರದವನು ಗೊತ್ತಿಲ್ಲದ ಲವಣವನ್ನು ಪರೀಕ್ಷಿಸಿ ಹೆಸರಿಸುತ್ತಾನೆ. ಗಣಕವಿಜ್ಞಾನದವನಿಗೆ ಮಾತ್ರ, ಕೆಟ್ಟ ಯಂತ್ರವನ್ನು ಕೈಯಲ್ಲಿಟ್ಟು ಇದಕ್ಕೇನಾಗಿದೆ ಹೇಳು ಎಂದು ಯಾರೂ ಕೇಳುವುದಿಲ್ಲ. ಇದಕ್ಕೆ ಬೇರೆ ಯಂತ್ರವೂ ಬೇಕಾಗಿಲ್ಲ. ಗಣಕದೊಳಗೇ ಮಿಥ್ಯಾಗಣಕವೊಂದನ್ನು ನಡೆಸುವ ವರ್ಚುವಲ್‌ಬಾಕ್ಸ್‌ನಂತಹ ತಂತ್ರಾಂಶಗಳು ಇವೆ. ಅಂತಹ ಯಂತ್ರದಲ್ಲಿ ಅಧ್ಯಾಪಕರು ಬೇಕೆಂದೇ ಡಿಸ್ಕನ್ನು ತುಂಬಿಸಲಿ, ಒಂದು ಸ್ಥಾಪನೆಯನ್ನು ನಡುವೆ ಕಡಿಯಲಿ, ಮತ್ತೊಂದರಲ್ಲಿ ಡೆಸ್ಕ್‌ಟಾಪನ್ನು ತೆಗೆದುಹಾಕಲಿ. ವಿದ್ಯಾರ್ಥಿ ಎರಡು ಪಾಠದ ಅವಧಿಯಲ್ಲಿ ದಿನಚರಿಯನ್ನು ಓದಿ, ಕಾರಣವನ್ನು ಕನ್ನಡದಲ್ಲಿಯೋ ಇಂಗ್ಲಿಷಿನಲ್ಲಿಯೋ ನಾಲ್ಕು ವಾಕ್ಯಗಳಲ್ಲಿ ಬರೆದು, ಆಮೇಲೆ ಕೈಹಚ್ಚಲಿ. ಅಂಕಗಳಲ್ಲಿ ಹೆಚ್ಚಿನ ಪಾಲು ಆ ನಾಲ್ಕು ವಾಕ್ಯಗಳಿಗೆ ಇರಲಿ; ಯಂತ್ರ ಮರಳಿ ನಡೆದುದಕ್ಕೆ ಉಳಿದದ್ದು ಸಾಕು.