ಪ್ರವಾಸಿ ವೀಸಾದಲ್ಲಿ ಕಛೇರಿ

ಅಮೆರಿಕದ ಬಿ-1, ಬಿ-2 ವೀಸಾಗಳು ವ್ಯವಹಾರದ ಮಾತುಕತೆಗೆ, ಬಂಧುಗಳ ಭೇಟಿಗೆ, ಊರು ಸುತ್ತುವುದಕ್ಕೆ ಕೊಡುವಂಥವು. ಅವುಗಳನ್ನು ನಂಬಿ ವೃತ್ತಿ ಕಲಾವಿದರು ಅಲ್ಲಿ ವೇದಿಕೆ ಏರುವಂತಿಲ್ಲ. ‘ಸಂಭಾವನೆ ಇಲ್ಲ, ಶಾಲು ಹೊದಿಸಿ ಸನ್ಮಾನ ಮಾಡುತ್ತೇವೆ ಅಷ್ಟೇ’ ಎಂಬ ಸಂಘಟಕರ ಭರವಸೆಯಿಂದ ಈ ನಿಯಮ ಸಡಿಲವಾಗುವುದಿಲ್ಲ. ಹಣ ಎಷ್ಟು, ಅದನ್ನು ಯಾರು ಕೊಟ್ಟರು, ಯಾವ ದೇಶದಲ್ಲಿ ಕೊಟ್ಟರು ಎಂಬುದು ಇಲ್ಲಿ ಮುಖ್ಯವಲ್ಲ. ಊರಿನಲ್ಲಿ ಸಂಭಾವನೆ ಪಡೆದು ಹಾಡುವವರು ಅಲ್ಲಿ ಪುಕ್ಕಟೆ ಹಾಡಲು ಒಪ್ಪಿದರೂ ವೃತ್ತಿಪರರೇ.

ವಿನಾಯಿತಿಗಳು ಕೆಲವೇ. ಸಾಮಾನ್ಯವಾಗಿ ಹಣ ಪಡೆಯದ ಹವ್ಯಾಸಿಗಳು ಸಾಮಾಜಿಕ ಇಲ್ಲವೇ ಧರ್ಮಾರ್ಥ ಸಮಾರಂಭದಲ್ಲಿ ಪ್ರದರ್ಶನ ಕೊಡಬಹುದು. ಅವರ ಖರ್ಚು ಭರಿಸುವುದಕ್ಕೆ ಅಡ್ಡಿಯಿಲ್ಲ. ಬಹುಮಾನ ಬಿಟ್ಟು ಬೇರೆ ಸಂಪಾದನೆ ಇಲ್ಲದ ಸ್ಪರ್ಧೆಗೆ ವೃತ್ತಿಪರರೂ ಹೋಗಬಹುದು. ಸ್ವದೇಶದ ಸರ್ಕಾರವೇ ಪೂರ್ತಿ ಖರ್ಚು ಕೊಟ್ಟು ಕಳಿಸಿದ ತಂಡ, ಟಿಕೆಟ್ ಇಲ್ಲದ ಸಭೆಯಲ್ಲಿ ಕಾರ್ಯಕ್ರಮ ನೀಡಬಹುದು. ಕನ್ನಡ ಕೂಟದ ಯುಗಾದಿಗೆ ಹೆಸರಾಂತ ಗಾಯಕರನ್ನು ಕರೆಸಿದರೆ ಅದು ಇವುಗಳಲ್ಲಿ ಯಾವುದಕ್ಕೂ ಹೊಂದುವುದಿಲ್ಲ.

ನಿಯಮ ಮೀರಿದವರು ಮೊದಲು ಸಿಕ್ಕಿಬೀಳುವುದು ವಿಮಾನ ನಿಲ್ದಾಣದಲ್ಲಿ. ಪೆಟ್ಟಿಗೆಯಲ್ಲಿ ಗೆಜ್ಜೆ, ವೇಷಭೂಷಣ, ಮೃದಂಗ. ಫೋನಿನಲ್ಲಿ ಕಾರ್ಯಕ್ರಮದ ಪೋಸ್ಟರ್. ವೀಸಾ ಅರ್ಜಿಯಲ್ಲಿ ಸಾಮಾಜಿಕ ಜಾಲತಾಣದ ಖಾತೆಗಳ ವಿವರ ಕೇಳುವುದೂ 2019ರಿಂದ ರೂಢಿಯಲ್ಲಿದೆ. ಅನುಮಾನ ಬಂದರೆ ಗಡಿ ಅಧಿಕಾರಿ ಒಳಗೆ ಬಿಡದೆ ವಾಪಸು ಕಳಿಸಬಹುದು. 1996ರ ಕಾನೂನು ಅವರಿಗೆ ಇನ್ನೂ ದೊಡ್ಡ ಅಧಿಕಾರ ಕೊಟ್ಟಿದೆ: ನ್ಯಾಯಾಧೀಶರ ಮುಂದೆ ನಿಲ್ಲಿಸದೆಯೇ ತ್ವರಿತ ಗಡೀಪಾರು. ಅಂಥ ಆದೇಶ ಬಿದ್ದವರಿಗೆ ಸಾಮಾನ್ಯವಾಗಿ 5 ವರ್ಷ ಪ್ರವೇಶವಿಲ್ಲ.

ಇಟಲಿಯ ‘ಸೋವಿಯತ್ ಸೋವಿಯತ್’ ಎಂಬ ರಾಕ್ ತಂಡ 2017ರ ಮಾರ್ಚ್‌ನಲ್ಲಿ ಸಿಯಾಟಲ್‌ನಲ್ಲಿ ಇಳಿದಾಗ ನಡೆದದ್ದು ಹೀಗೆಯೇ. ಇಟಲಿಯವರಿಗೆ ಅಲ್ಪಾವಧಿಯ ಪ್ರವಾಸಕ್ಕೆ ವೀಸಾ ಬೇಡ. ಪ್ರಚಾರಕ್ಕಾಗಿ ಪುಕ್ಕಟೆ ನುಡಿಸಲು ಬಂದಿದ್ದೇವೆ ಎಂದು ತಂಡ ಹೇಳಿಕೊಂಡಿತು. ಪ್ರವೇಶಕ್ಕೆ ಟಿಕೆಟ್ ಇಟ್ಟಿದ್ದಾರೆ, ಆದ್ದರಿಂದ ಅದು ಕೆಲಸ ಎಂದರು ಅಧಿಕಾರಿಗಳು. ಗಂಟೆಗಟ್ಟಲೆ ವಿಚಾರಣೆ, ಕೈಕೋಳ, ಒಂದು ರಾತ್ರಿ ಬಂಧನ. ಮರುದಿನ ಇಟಲಿಯ ವಿಮಾನ. ಸಂಗೀತಗಾರರಿಗೆ ಇದು ಅತಿಯಾದ ಶಿಕ್ಷೆಯೇ. ಆದರೆ ನಿಯಮ ಅಧಿಕಾರಿಗಳ ಪರವಾಗಿತ್ತು.

ನಿಲ್ದಾಣ ದಾಟಿ ಕಾರ್ಯಕ್ರಮ ಮುಗಿಸಿದರೆ ಗಂಡಾಂತರ ಕಳೆದಂತಲ್ಲ. ಅನುಮತಿಯಿಲ್ಲದ ಕೆಲಸವೇ ಗಡೀಪಾರಿಗೆ ಸಾಕಾದ ಕಾರಣ. ಮುಂದೆ ಅಲ್ಲಿಯೇ ಗ್ರೀನ್ ಕಾರ್ಡ್‌ಗೆ ಅರ್ಜಿ ಹಾಕುವಾಗಲೂ ಅದು ಅಡ್ಡ ಬರುತ್ತದೆ. ಅಮೆರಿಕದ ಪ್ರಜೆಯ ಸಂಗಾತಿಯಂಥ ಕೆಲವರಿಗಷ್ಟೇ ವಿನಾಯಿತಿ. ಕೊಟ್ಟ ಅವಧಿ ಮೀರಿ 180 ದಿನಕ್ಕಿಂತ ಹೆಚ್ಚು ಉಳಿದು ಹೊರಟವರಿಗೆ 3 ವರ್ಷ, ಒಂದು ವರ್ಷ ಅಥವಾ ಹೆಚ್ಚು ಉಳಿದವರಿಗೆ 10 ವರ್ಷ ನಿಷೇಧ.

ಇವೆಲ್ಲಕ್ಕಿಂತ ಕಠೋರವಾದದ್ದು ಸುಳ್ಳಿನ ಆರೋಪ. ಸಂದರ್ಶನದಲ್ಲಿ ‘ಮಗಳನ್ನು ನೋಡಲು’ ಎಂದು ಹೇಳಿ, ಹೋದ ಮೇಲೆ ನಾಲ್ಕು ಊರಲ್ಲಿ ಕಛೇರಿ ಮಾಡಿದರೆ ಅದನ್ನು ಉದ್ದೇಶಪೂರ್ವಕ ವಂಚನೆ ಎಂದು ಪರಿಗಣಿಸಬಹುದು. ಪ್ರವೇಶಿಸಿದ 90 ದಿನಗಳೊಳಗೆ ಅನುಮತಿಯಿಲ್ಲದೆ ಕೆಲಸ ಮಾಡಿದವರು ಮೊದಲೇ ಸುಳ್ಳು ಹೇಳಿದ್ದರು ಎಂದು ಕಾನ್ಸುಲೇಟ್ ಅಧಿಕಾರಿಗಳು ಭಾವಿಸಲು ನಿಯಮವೇ ಇದೆ. ಆರೋಪ ಸ್ಥಿರವಾದರೆ ನಿಷೇಧ ಜೀವನಪರ್ಯಂತ. ಆಮೇಲೆ ಮೊಮ್ಮಗುವಿನ ನಾಮಕರಣಕ್ಕೆ ಹೋಗಬೇಕಾದರೂ ವಿಶೇಷ ಮನ್ನಾಗಾಗಿ ಬೇಡಬೇಕು. ಯೂಟ್ಯೂಬಿನಲ್ಲಿ ಉಳಿದ ಒಂದು ವಿಡಿಯೊ ವರ್ಷಗಳ ನಂತರವೂ ಸಾಕ್ಷಿ ಹೇಳಬಲ್ಲದು.

ಕಲಾವಿದರ ಬಗ್ಗೆ ಈ ಅನುಮಾನ ಸುಮ್ಮನೆ ಹುಟ್ಟಿದ್ದಲ್ಲ. ಖ್ಯಾತ ಪಂಜಾಬಿ ಗಾಯಕರೊಬ್ಬರ ತಂಡದ ಸದಸ್ಯರೆಂದು ತೋರಿಸಿ ಜನರನ್ನು ಅಕ್ರಮವಾಗಿ ಅಮೆರಿಕಕ್ಕೆ ಸಾಗಿಸಿದ ಪ್ರಕರಣದಲ್ಲಿ ಪಟಿಯಾಲಾ ನ್ಯಾಯಾಲಯ 2018ರಲ್ಲಿ ಶಿಕ್ಷೆ ವಿಧಿಸಿತು. ಇಂಥ ಮೋಸಗಳ ಬೆಲೆಯನ್ನು ನಿಜವಾದ ಮದ್ದಳೆಗಾರರೂ ಭಾಗವತರೂ ತೆರಬೇಕಾಗಿದೆ.

ನೇರವಾದ ದಾರಿ ಇದ್ದೇ ಇದೆ. ಯಕ್ಷಗಾನ, ಭರತನಾಟ್ಯ, ಕರ್ನಾಟಕ ಸಂಗೀತ, ಜನಪದ ಕಲೆಗಳಿಗೆ ಪಿ-3 ವರ್ಗ ಹೇಳಿ ಮಾಡಿಸಿದಂತಿದೆ. ವಿಶಿಷ್ಟ ಸಂಸ್ಕೃತಿಯ ಕಲಾವಿದರಿಗೆಂದೇ ಅದು ಮೀಸಲು. ಪರಂಪರೆಯ ಕಲೆಯೇ ಆಗಬೇಕೆಂದೂ ಇಲ್ಲ: ಯಹೂದಿ ಮತ್ತು ಲ್ಯಾಟಿನ್ ಸಂಗೀತ ಬೆರೆಸಿದ ಅರ್ಜೆಂಟೀನಾ ತಂಡವೊಂದನ್ನು ಅಮೆರಿಕದ ವಲಸೆ ಇಲಾಖೆಯ ಮೇಲ್ಮನವಿ ಕಚೇರಿ 2012ರಲ್ಲಿ ಇದೇ ವರ್ಗಕ್ಕೆ ಸೇರಿಸಿಕೊಂಡಿತು. ಅಸಾಧಾರಣ ಸಾಧಕರಿಗೆ ಒ-1 ಇದೆ. ಎರಡಕ್ಕೂ ಅರ್ಜಿ ಹಾಕಬೇಕಾದವರು ಅಮೆರಿಕದಲ್ಲಿರುವ ಆಹ್ವಾನಿಸುವ ಸಂಸ್ಥೆ ಅಥವಾ ಏಜೆಂಟ್. ಪರಿಣತರ ಪತ್ರ, ಕಾರ್ಯಕ್ರಮಗಳ ಪಟ್ಟಿ, ಕಲಾವಿದರ ಕಾರ್ಮಿಕ ಸಂಘಟನೆಯ ಅಭಿಪ್ರಾಯ ಜೊತೆಗಿರಬೇಕು.

ಸಂಘಟಕರು ಹಿಂಜರಿಯುವುದು ಇಲ್ಲಿಯೇ. 460 ಡಾಲರ್ ಇದ್ದ ಪಿ ವರ್ಗದ ಅರ್ಜಿ ಶುಲ್ಕ 2024ರ ಏಪ್ರಿಲ್‌ನಲ್ಲಿ 1,015 ಡಾಲರ್ ಆಯಿತು. ಸಣ್ಣ ಸಂಸ್ಥೆಗಳಿಗೂ ಲಾಭರಹಿತ ಸಂಘಗಳಿಗೂ 510. ವಕೀಲರ ಶುಲ್ಕ ಬೇರೆ, ತಿಂಗಳುಗಟ್ಟಲೆ ಕಾಯುವುದು ಬೇರೆ. ಆದರೆ ಆ ಹಣ ಉಳಿಸಲು ‘ವಿಸಿಟರ್ ವೀಸಾದಲ್ಲಿ ಬನ್ನಿ, ಏನೂ ಆಗುವುದಿಲ್ಲ’ ಎನ್ನುವುದು ಅನ್ಯಾಯ. ಸಂಘಕ್ಕೆ ದಂಡ ಬೀಳಬಹುದು. ಬಾಗಿಲು ಮುಚ್ಚುವುದು ಕಲಾವಿದರಿಗೆ. ಕಲಾವಿದರನ್ನು ಕರೆಸುವ ಕನ್ನಡ ಸಂಘಗಳು ವೀಸಾ ಅರ್ಜಿಯ ಖರ್ಚನ್ನು ಸಭಾಂಗಣದ ಬಾಡಿಗೆಯಂತೆ ಬಜೆಟ್ಟಿನಲ್ಲಿ ಮೊದಲೇ ಸೇರಿಸಬೇಕು. ಅರ್ಜಿ ಮಂಜೂರಾದ ಪತ್ರ ಕೈಗೆ ಬರುವ ತನಕ ಯಾವ ಕಲಾವಿದರೂ ಟಿಕೆಟ್ ತೆಗೆಸಬಾರದು.