ಸಾಲ ಮಾಡಿ ಅಂಕಿ ಕಲಿಯಬೇಕೆ?

ಭಟ್ಕಳ, ಹೊನ್ನಾವರ, ಕುಮಟಾಗಳ ಪದವೀಧರ ತರುಣರು ಡೇಟಾ ವಿಶ್ಲೇಷಣೆಯ ನೌಕರಿಗಾಗಿ ಸಾಲ ಮಾಡಿ ಬೆಂಗಳೂರಿನ ತರಬೇತಿ ಅಂಗಡಿಗಳಿಗೆ ಹಣ ಸುರಿಯುವುದು ನಮಗೆ ಸರಿಕಾಣದು. ಅಲ್ಲಿ ಸಿಗುವುದು ಪ್ರಮಾಣಪತ್ರ. ಕೆಲಸ ಕೊಡುವವನು ನೋಡಬೇಕಾದದ್ದು ಮಾಡಿ ತೋರಿಸಿದ ಕೆಲಸದ ಕಡತವನ್ನು. ಅದಕ್ಕೆ ದುಡ್ಡು ಬೇಕಿಲ್ಲ.

ಲಿಬ್ರೆಆಫೀಸ್, ಪೈಥಾನ್ ಎರಡೂ ಪುಕ್ಕಟೆ. 2011ರ ಜನಗಣತಿಯ ಕೋಷ್ಟಕಗಳೂ ಬಿಟ್ಟಿ. ಕಚೇರಿಯಲ್ಲಿ ಮುಚ್ಚಿಟ್ಟ ಲೆಕ್ಕವನ್ನು 2005ರ ಮಾಹಿತಿ ಹಕ್ಕಿನ ಕಾಯಿದೆಯಡಿ 10 ರೂಪಾಯಿ ಕಟ್ಟಿ ಕೇಳಬಹುದು; ಬಡತನ ರೇಖೆಯ ಕೆಳಗಿನವರಿಗೆ ಅದೂ ಇಲ್ಲ.

ಕಲಿಯುವವರೆಲ್ಲ 1912ರಲ್ಲಿ ಮುಳುಗಿದ ಟೈಟಾನಿಕ್ ಹಡಗಿನ ಪ್ರಯಾಣಿಕರ ಪಟ್ಟಿಯನ್ನೇ ತಿರುವಿ ಹಾಕುತ್ತಾರೆ. ನಮ್ಮ ದೋಣಿಗಳೇನು ಕಡಿಮೆ? ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆಗ ಹೊನ್ನಾವರದ ಪೇಟೆಯಲ್ಲಿ ಬಂಗಡೆಯ ದರ ಎಷ್ಟು ಏರುತ್ತದೆ, ಆಗಸ್ಟಿನಲ್ಲಿ ಎಷ್ಟು ಇಳಿಯುತ್ತದೆ? ಮೀನು ಮಾರುವ ಹೆಂಗಸರನ್ನು ಕೇಳಿ ದಿನವೂ ಬರೆದಿಡಿ. ತಪ್ಪಿದ ದಿನವನ್ನು ಊಹೆಯಿಂದ ತುಂಬಬೇಡಿ, ಖಾಲಿ ಬಿಡಿ. ಅಂಕಿ ಎಲ್ಲಿಂದ ಬಂತು, ಏನನ್ನು ತಿದ್ದಿದಿರಿ ಎಂಬುದರ ಸಹಿತ ಗಿಟ್‌ಹಬ್‌ನಲ್ಲಿಟ್ಟರೆ ಯಾರೂ ನೋಡಬಹುದು, ಅಲ್ಲಿಯೂ ಬಾಡಿಗೆಯಿಲ್ಲ.

ಕಂಪ್ಯೂಟರ್ ಕೊಳ್ಳಲಾರದವರಿಗೆ ಮಾತ್ರ ಈ ಉಪದೇಶ ಸಾಲದು. ಮೂರೂ ತಾಲೂಕುಗಳ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಸಂಜೆಯ ಹೊತ್ತು ನಾಲ್ಕು ಯಂತ್ರಗಳನ್ನು ಇವರಿಗೆ ಒದಗಿಸಬೇಕೆಂದು ನಾವು ಒತ್ತಾಯಿಸುತ್ತೇವೆ.