‘ಮಾರಿಬಿಡಿ’ ಅನ್ನೋ ಮುಂಚೆ

“ಇನ್ನೂ ಆ ಡಬ್ಬಾ ಇಟ್ಕೊಂಡಿದ್ದೀರಾ? ಮಾರಿ, ಹೊಸದು ತಗೊಳ್ರೀ.” ಬೆಂಗಳೂರಿನ ನಮ್ಮ ಆಫೀಸಲ್ಲಿ ಈ ಸಲಹೆ ನನಗೆ ಕಾಫಿ ಜೊತೆ ಪುಕ್ಕಟೆ ಸಿಗುತ್ತೆ.

ಡಬ್ಬಾ ಅಂದರೆ ನಮ್ಮಪ್ಪನ 2003ರ ಮಾರುತಿ ಓಮ್ನಿ. ವಿರಾಜಪೇಟೆ ಹತ್ತಿರದ ನಮ್ಮ ತೋಟದಿಂದ ಕಾಳುಮೆಣಸಿನ ಮೂಟೆ ಗೋಣಿಕೊಪ್ಪಕ್ಕೆ ಹೋಗೋದು ಅದರಲ್ಲೇ, ಅಜ್ಜಿ ಆಸ್ಪತ್ರೆಗೆ ಹೋಗೋದೂ ಅದರಲ್ಲೇ. ಕೊಡಗಿಗೆ ರೈಲಿಲ್ಲ. ಕತ್ತಲಾದರೆ ನಮ್ಮೂರಿಗೆ ಬಸ್ಸೂ ಇಲ್ಲ.

ಕಳೆದ ಮಳೆಗಾಲದಲ್ಲಿ ಸ್ಟೀರಿಂಗ್ ಆಡೋಕೆ ಶುರುವಾಯ್ತು. ಮೆಕ್ಯಾನಿಕ್ ಅಣ್ಣ ಕೆಳಗೆ ಮಲಗಿ ನೋಡಿ, “ರ‍್ಯಾಕ್ ಹೋಗಿದೆ. ನಡುವಿನ ಹಲ್ಲು ಸವೆದಿದೆ. ಸ್ಕ್ರೂ ಬಿಗಿ ಮಾಡಿದ್ರೆ ನಡುವೆ ಸರಿಹೋಗುತ್ತೆ, ಪೂರ್ತಿ ತಿರುಗಿಸಿದಾಗ ಹಿಡ್ಕೊಳ್ಳುತ್ತೆ” ಅಂದ್ರು. ಮಾಕುಟ್ಟದ ಘಾಟಿಯ ತಿರುವಲ್ಲಿ ಸ್ಟೀರಿಂಗ್ ಹಿಡ್ಕೊಂಡರೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಾ?

ಊರಿನ ಅಂಗಡಿಯಲ್ಲಿ ಹೊಸದು ಸಿಗಲಿಲ್ಲ. ಹಳೇ ರ‍್ಯಾಕನ್ನೇ ಗೋಣಿಚೀಲಕ್ಕೆ ಹಾಕ್ಕೊಂಡು ಬೆಂಗಳೂರಿಗೆ ತಂದೆ. ಜೆ.ಸಿ. ರಸ್ತೆ ಆಯ್ತು, ಶಿವಾಜಿನಗರದ ಗುಜರಿ ಆಯ್ತು. “ಓಮ್ನಿದೇ ಸಾರ್, ಎಲ್ಲಾ ಒಂದೇ” ಅಂತ ಒಬ್ಬರು ಮೂರು ರ‍್ಯಾಕ್ ತೆಗೆದಿಟ್ರು. 1984ರಿಂದ 2019ರವರೆಗೆ ತಯಾರಾದ ಗಾಡಿ ಅದು. ಮೂವತ್ತೈದು ವರ್ಷದ್ದೆಲ್ಲಾ ಒಂದೇನಾ? ನನ್ನದರ ಪಕ್ಕ ಇಟ್ಟು ಅಳೆದೆ. ಒಂದರ ಬೋಲ್ಟ್ ತೂತೇ ಕೂರಲ್ಲ, ಯಾವ ಗಾಡೀದೋ ಏನೋ. ಇನ್ನೊಂದರ ಪಿನಿಯನ್ ಹಲ್ಲಿನ ಲೆಕ್ಕವೇ ಬೇರೆ. ಮೂರನೇದು ಅಳತೆಗೆ ಸರಿ, ಆದರೆ ರಬ್ಬರ್ ಬೂಟ್ ಹರಿದು ಒಳಗಿನ ರಾಡಿಗೆ ತುಕ್ಕು. ಕೊನೆಗೆ ಮೈಸೂರಲ್ಲಿ ಒಂದು ಸಿಕ್ತು. ಈ ತುದಿಯಿಂದ ಆ ತುದಿಗೆ ತಿರುಗಿಸಿದರೆ ಎಲ್ಲೂ ಹಿಡೀಲಿಲ್ಲ, ಎಲ್ಲೂ ಸಡಿಲ ಇರಲಿಲ್ಲ.

“ಇದು ಆಕ್ಸಿಡೆಂಟ್ ಗಾಡೀದಾ ಅಣ್ಣಾ?” ಅಂತ ಕೇಳಿದೆ. “ಯಾರಿಗೆ ಗೊತ್ತು” ಅಂದ್ರು. ಅವರು ಸುಳ್ಳು ಹೇಳಲಿಲ್ಲ. ನನ್ನ ಜಗಳ ಅವರ ಜೊತೆ ಅಲ್ಲವೇ ಅಲ್ಲ.

ನನ್ನ ಜಗಳ ಈ ‘ಯಾರಿಗೆ ಗೊತ್ತು’ ಅನ್ನೋ ವ್ಯವಸ್ಥೆ ಜೊತೆ. ಯಾವ ಭಾಗ ಯಾವ ವರ್ಷದ ಯಾವ ಗಾಡಿಗೆ ಹೊಂದುತ್ತೆ ಅನ್ನೋ ಪಟ್ಟಿ ಅಮೆರಿಕದ ಗುಜರಿಯವರ ಹತ್ತಿರ 1930ರ ದಶಕದಿಂದಲೇ ಇದೆ. ಹಾಲಾಂಡರ್ ಇಂಟರ್‌ಚೇಂಜ್ ಅಂತ ಅದರ ಹೆಸರು. ನಮ್ಮಲ್ಲಿ ಆ ಪುಸ್ತಕ ಗುಜರಿ ಅಂಗಡಿಯ ಹಿರಿಯರ ತಲೆಯೊಳಗಿದೆ. ಅವರು ಊಟಕ್ಕೆ ಹೋದರೆ ಪುಸ್ತಕಾನೂ ಹೋಯ್ತು.

ಸರ್ಕಾರಕ್ಕೆ ಇದು ಗೊತ್ತಿಲ್ಲ ಅಂತೇನಿಲ್ಲ. ಬಿಡಿಭಾಗ, ರಿಪೇರಿ ಮಾಹಿತಿ ಹೊರಗಿನ ಗ್ಯಾರೇಜಿಗೂ ಸಿಗಬೇಕು ಅಂತ ಭಾರತೀಯ ಸ್ಪರ್ಧಾ ಆಯೋಗ 2014ರಲ್ಲೇ 14 ಕಾರು ಕಂಪನಿಗಳಿಗೆ ದಂಡ ಹಾಕಿ ಹೇಳಿತ್ತು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರೈಟ್ ಟು ರಿಪೇರ್’ ಅಂತ ಸಮಿತಿ ಮಾಡಿ, ಪೋರ್ಟಲನ್ನೂ ತೆರೀತು. ಅದೇ ವರ್ಷದ ಏಪ್ರಿಲ್‌ನಲ್ಲಿ 15 ವರ್ಷ ದಾಟಿದ ಕಾರಿನ ಮರುನೋಂದಣಿ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಹಾರಿತು. ಗಾಡಿ ಗುಜರಿಗೆ ಹಾಕಿ ಹೊಸದು ಕೊಂಡರೆ? ರಸ್ತೆ ತೆರಿಗೆಯಲ್ಲಿ ಶೇ. 25ರವರೆಗೆ ರಿಯಾಯಿತಿಗೆ ಅವಕಾಶ. ಎಸೆಯೋರಿಗೆ ಬಹುಮಾನ, ಉಳಿಸ್ಕೊಳ್ಳೋರಿಗೆ ಬರೆ!

“ಹಳೇ ಸ್ಟೀರಿಂಗ್ ಭಾಗ ಹಾಕೋದೇ ಅಪಾಯ, ನಿಷೇಧಿಸಬೇಕು” ಅಂತೀರಾ? ಅಪಾಯ ಅನ್ನೋದು ನಿಜ. ಆದರೆ ನಿಷೇಧ ಮಾಡಿದರೆ ಗುಜರಿ ಭಾಗದ ಬದಲು ವೆಲ್ಡಿಂಗ್ ಮಾಡಿದ ಭಾಗ ಬರುತ್ತೆ, ಅಷ್ಟೇ. ಹೊಗೆ ತಪಾಸಣೆಯಲ್ಲಿ, ಫಿಟ್‌ನೆಸ್‌ನಲ್ಲಿ ಫೇಲಾದ ಗಾಡಿ ಗುಜರಿಗೇ ಹೋಗಲಿ, ನನ್ನ ತಕರಾರಿಲ್ಲ. ನಾನು ಕೇಳ್ತಿರೋದು ಇಷ್ಟೇ: ಬಿಚ್ಚಿದ ಪ್ರತಿ ಸ್ಟೀರಿಂಗ್, ಬ್ರೇಕ್ ಭಾಗದ ಮೇಲೆ ಗಾಡಿಯ ಮಾಡೆಲ್, ವರ್ಷ, ಪಾರ್ಟ್ ನಂಬರ್, ಅಪಘಾತದ್ದೋ ಅಲ್ಲವೋ ಅಂತ ಒಂದು ಚೀಟಿ ಇರಲಿ. ಯಾವುದಕ್ಕೆ ಯಾವುದು ಹೊಂದುತ್ತೆ ಅನ್ನೋ ಪಟ್ಟಿ ಎಲ್ಲರಿಗೂ ಸಿಗಲಿ. ಹೆಸರುಕಾಳಿನ ಪೊಟ್ಟಣದ ಮೇಲೂ ಪ್ಯಾಕ್ ಮಾಡಿದ ತಾರೀಖು ಬರೀತೀವಲ್ಲ!

ರ‍್ಯಾಕ್ ಹಾಕಿಸಿದ್ವಿ. ಟೈ ರಾಡ್ ಎಂಡ್ ಮಾತ್ರ ಹೊಸವೇ ಹಾಕಿಸಿದೆ. ಅಲೈನ್‌ಮೆಂಟ್ ಆಯ್ತು, ಖಾಲಿ ಮೈದಾನದಲ್ಲಿ ಓಡಿಸಿಯೂ ನೋಡಿದ್ವಿ. ಸರಿಯಾಗೇ ಇದೆ. ಆದರೂ ಅಪ್ಪ ಗಾಡಿ ತೆಗೆದ ದಿನ, ವಾಪಸ್ ಬಂದೆ ಅಂತ ಫೋನ್ ಬರೋವರೆಗೂ ನನಗೆ ಸಮಾಧಾನ ಇಲ್ಲ.

ಈಗ ‘ಮಾರಿಬಿಡಿ’ ಅನ್ನೋರಿಗೆ ಒಂದು ಪ್ರಶ್ನೆ. ಆ ಸವೆದ ರ‍್ಯಾಕ್ ಸಮೇತ ನಾನು ಮಾರಿದ್ದಿದ್ದರೆ ಅದನ್ನ ಕೊಳ್ತಿದ್ದೋರು ಯಾರು? ಹೊಸ ಗಾಡಿಗೆ ಕಾಸಿಲ್ಲದ ಇನ್ನೊಬ್ಬರು ತಾನೇ? ರ‍್ಯಾಕ್ ಅದೇ, ಘಾಟಿ ಅದೇ. ಫೋನಿಗಾಗಿ ಕಾಯೋರು ಮಾತ್ರ ಬೇರೆ ಮನೆಯವರು.